ನ್ಯಾನ್ಸಿ ಹ್ಯಾಂಕ್ಸಳ ತವರು



ಒಬ್ಬ ಹೆಣ್ಣುಮಗಳ ತಂದೆತಾಯಿ ಯಾರು ಎಂಬ ಪ್ರಶ್ನೆಯೇ ಇಂದಿನ ಉಪನ್ಯಾಸದ ವಿಷಯ. ಆಕೆಯ ಹೆಸರು ನ್ಯಾನ್ಸಿ ಹ್ಯಾಂಕ್ಸ್. ಹುಟ್ಟಿದ್ದು ಸುಮಾರು 1784ರಲ್ಲಿ, ವರ್ಜೀನಿಯಾದಲ್ಲಿ. ಬೆಳೆದದ್ದು ಕೆಂಟಕಿಯಲ್ಲಿ, ವಲಸಿಗರು ಕಾಡು ಕಡಿದು ನೆಲೆ ಊರುತ್ತಿದ್ದ ದಿನಗಳಲ್ಲಿ. 1818ರ ಅಕ್ಟೋಬರ್ 5ರಂದು ಇಂಡಿಯಾನಾದ ಲಿಟಲ್ ಪಿಜನ್ ಕ್ರೀಕ್ ಎಂಬಲ್ಲಿ, ವಿಷಸಸ್ಯ ಮೇಯ್ದ ಹಸುಗಳ ಹಾಲಿನಿಂದ ಬರುವ ‘ಹಾಲುಬೇನೆ’ಗೆ ತುತ್ತಾಗಿ ತೀರಿಕೊಂಡಾಗ ಆಕೆಗೆ ಮೂವತ್ತನಾಲ್ಕು ವರ್ಷವಿರಬಹುದು. ಆಗ ಒಂಬತ್ತು ವರ್ಷದವನಾಗಿದ್ದ ಮಗ ಅಬ್ರಹಾಂ ಲಿಂಕನ್ ಮುಂದೆ ಅಮೆರಿಕದ ಅಧ್ಯಕ್ಷರಾದರು. ಮಗ ಅಷ್ಟು ದೊಡ್ಡವರಾದದ್ದರಿಂದ ತಾಯಿಯ ಮೂಲವನ್ನು ಹುಡುಕಿದವರಿಗೆ ಲೆಕ್ಕವಿಲ್ಲ. ಕೆಂಟಕಿಯ ಕೋರ್ಟು ಕಚೇರಿಗಳ ಕಡತಗಳನ್ನು ಆಕೆಗಾಗಿ ತಿರುವಿಹಾಕಿದಷ್ಟು ಆ ಕಾಲದ ಇನ್ನಾವ ಹೆಣ್ಣಿಗಾಗಿಯೂ ತಿರುವಿಹಾಕಿರಲಾರರು. ಆದರೂ ಆಕೆಯ ತಾಯಿ ಯಾರೆಂಬುದು ಗಟ್ಟಿಯಾಗಲು ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ತಂದೆ ಯಾರೆಂಬುದು ಇಂದಿಗೂ ಗಟ್ಟಿಯಾಗಿಲ್ಲ. ಇಷ್ಟು ತಡವಾದದ್ದಕ್ಕೆ ಕಾಗದಗಳ ಕೊರತೆಯೊಂದೇ ಕಾರಣವಲ್ಲ. ಹೆಣ್ಣಿನ ಮೂಲವನ್ನು ಆಕೆಗಾಗಿ ಸಹಿ ಹಾಕಿದ ಗಂಡಸರ ಮೂಲಕ ಹುಡುಕಿದ್ದು, ಸಿಗಬೇಕಾದ ಉತ್ತರ ಮರ್ಯಾದೆಯದ್ದಾಗಿರಬೇಕೆಂದು ಮೊದಲೇ ಬಯಸಿದ್ದು, ಈ ಎರಡು ಸೇರಿ ಶೋಧವನ್ನು ದಾರಿ ತಪ್ಪಿಸಿದವು. ಆಕೆಯ ತಾಯಿ, ಚಿಕ್ಕಮ್ಮಂದಿರು, ಅಜ್ಜಿ ಎಂಬ ಹೆಣ್ಣುಮಕ್ಕಳ ಸಾಲನ್ನು ಹಿಡಿದು ಹೋದಾಗಲೇ ದಾರಿ ತೆರೆಯಿತು. ನನ್ನ ವಾದ ಇದು.

ಆ ಕಾಲದ ಹೆಣ್ಣು ದಾಖಲೆಗಳಲ್ಲಿ ಏಕೆ ಕಾಣುವುದಿಲ್ಲ ಎಂಬುದನ್ನು ಮೊದಲು ನೋಡೋಣ. ಇಂಗ್ಲೆಂಡಿನಿಂದ ಬಂದ ಕಾನೂನಿನ ಪ್ರಕಾರ ಮದುವೆಯಾದ ಹೆಣ್ಣಿನ ಕಾನೂನುಬದ್ಧ ವ್ಯಕ್ತಿತ್ವ ಗಂಡನ ವ್ಯಕ್ತಿತ್ವದೊಳಗೆ ಸೇರಿಹೋಗುತ್ತಿತ್ತು. ಆಸ್ತಿ ಕೊಳ್ಳುವುದು, ಕರಾರು ಮಾಡಿಕೊಳ್ಳುವುದು, ದಾವೆ ಹೂಡುವುದು ಎಲ್ಲವೂ ಗಂಡನ ಹೆಸರಿನಲ್ಲೇ. ಜನಗಣತಿಯೂ ಇದೇ ದಾರಿ ಹಿಡಿಯಿತು. 1790ರಿಂದ 1840ರವರೆಗಿನ ಆರು ಗಣತಿಗಳಲ್ಲಿ ಮನೆಯ ಯಜಮಾನನ ಹೆಸರು ಮಾತ್ರ ಇರುತ್ತಿತ್ತು. ಉಳಿದವರೆಲ್ಲ ವಯಸ್ಸಿನ ಅಂಕಣದಲ್ಲಿ ಒಂದೊಂದು ಸಂಖ್ಯೆ. ಸ್ವತಂತ್ರರಾದ ಪ್ರತಿಯೊಬ್ಬರ ಹೆಸರನ್ನೂ ಬರೆದುಕೊಳ್ಳಲು ಶುರುವಾದದ್ದು 1850ರಲ್ಲಿ. ಯಜಮಾನನಿಗೆ ಏನಾಗಬೇಕು, ಅಪ್ಪ ಅಮ್ಮ ಎಲ್ಲಿ ಹುಟ್ಟಿದವರು ಎಂಬ ಪ್ರಶ್ನೆಗಳು 1880ರ ಗಣತಿಯಲ್ಲಿ ಸೇರಿದವು. ಅಷ್ಟು ಹೊತ್ತಿಗೆ ಮೊದಲ ತಲೆಮಾರಿನ ವಲಸಿಗ ಹೆಣ್ಣುಮಕ್ಕಳು ಬಹುಪಾಲು ಮಣ್ಣಾಗಿದ್ದರು. ಕೆಂಟಕಿಯ 1790 ಮತ್ತು 1800ರ ಗಣತಿ ಹಾಳೆಗಳಂತೂ ಕಳೆದೇಹೋಗಿವೆ. ಅವುಗಳ ಬದಲಿಗೆ ಉಳಿದಿರುವ ತೆರಿಗೆ ಪಟ್ಟಿಗಳಲ್ಲಿ ಇರುವುದು ಬಹುಪಾಲು ತೆರಿಗೆ ಕೊಡಬೇಕಾದ ಗಂಡಸರ ಹೆಸರುಗಳೇ. ಗುಲಾಮಗಿರಿಯಲ್ಲಿದ್ದ ಹೆಣ್ಣುಮಕ್ಕಳ ಪಾಡು ಇದಕ್ಕಿಂತ ಘೋರ. 1850 ಮತ್ತು 1860ರ ಗುಲಾಮರ ಪಟ್ಟಿಗಳಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ ಮಾತ್ರ ಇವೆ. ಅವರಲ್ಲಿ ಬಹುತೇಕರ ಹೆಸರು ಗಣತಿಗೆ ಸೇರಿದ್ದು 1870ರಲ್ಲಿ. ಈ ಮೌನವನ್ನು ಹುಟ್ಟುಹಾಕಿದ್ದು ಕಾನೂನು. ಹಾಗೆ ಹುಟ್ಟಿದ ಮೌನಕ್ಕೆ ಒಂದು ಆಕಾರವಿರುತ್ತದೆ. ಕಾನೂನು ಎಲ್ಲಿ ಹೆಣ್ಣನ್ನು ಮರೆಮಾಡಿತು, ಎಲ್ಲಿ ಆಕೆಯ ಒಪ್ಪಿಗೆ ಇಲ್ಲದೆ ಮುಂದೆ ಹೋಗಲಾರದಾಯಿತು ಎಂಬುದನ್ನು ಬಲ್ಲವರು ಎಲ್ಲಿ ಹುಡುಕಬೇಕೆಂಬುದನ್ನೂ ಬಲ್ಲರು.

ಅಂಥ ಜಾಗಗಳು ಕೆಲವಿವೆ. ಗಂಡ ಸತ್ತರೆ ಆತನ ಜಮೀನಿನಲ್ಲಿ ಮೂರನೆಯ ಒಂದು ಪಾಲನ್ನು ಬದುಕಿರುವವರೆಗೆ ಅನುಭವಿಸುವ ಹಕ್ಕು ಹೆಂಡತಿಗಿತ್ತು. ಹಾಗಾಗಿ ಗಂಡ ಜಮೀನು ಮಾರುವಾಗ ಆಕೆ ಆ ಹಕ್ಕನ್ನು ಬಿಟ್ಟುಕೊಡಬೇಕಾಗುತ್ತಿತ್ತು. ಗಂಡನಿಲ್ಲದ ಕಡೆ ಆಕೆಯನ್ನು ಪ್ರತ್ಯೇಕವಾಗಿ ಕರೆದು, ಒತ್ತಾಯವಿಲ್ಲದೆ ಒಪ್ಪಿದ್ದೀಯಾ ಎಂದು ಅಧಿಕಾರಿಗಳು ಕೇಳಿ ಬರೆದುಕೊಳ್ಳುತ್ತಿದ್ದರು. ತಂದೆ ಉಯಿಲಿಲ್ಲದೆ ಸತ್ತರೆ ಪಾಲುಪತ್ರದಲ್ಲಿ ಹೆಣ್ಣುಮಕ್ಕಳೂ ಅಳಿಯಂದಿರೂ ಜೊತೆಯಾಗಿ ಬರುತ್ತಾರೆ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ದುಡಿದವರ ವಿಧವೆಯರಿಗೆ 1836ರ ಕಾಯಿದೆ ಪಿಂಚಣಿ ಕೊಟ್ಟಿತು. ಮದುವೆಯಾದದ್ದಕ್ಕೆ ಪುರಾವೆ ಬೇಕಾದಾಗ ಎಷ್ಟೋ ಮುದುಕಿಯರು ಮನೆಯ ಬೈಬಲ್ಲಿನಲ್ಲಿ ಹುಟ್ಟು ಸಾವು ಬರೆದಿಟ್ಟ ಹಾಳೆಯನ್ನೇ ಹರಿದು ಅರ್ಜಿಗೆ ಲಗತ್ತಿಸಿದರು. ಆ ಹಾಳೆಗಳು ಇಂದಿಗೂ ಪಿಂಚಣಿ ಕಡತಗಳಲ್ಲಿವೆ. ಆರೆಗನ್ ಪ್ರಾಂತ್ಯದ 1850ರ ಭೂದಾನ ಕಾಯಿದೆ ದಂಪತಿಗಳಿಗೆ 640 ಎಕರೆ ಕೊಟ್ಟು, ಅದರಲ್ಲಿ ಅರ್ಧವನ್ನು ಹೆಂಡತಿಯ ಹೆಸರಿಗೇ ಬರೆಯಿತು. ಆ ಕಡತಗಳಲ್ಲಿ ಮದುವೆಯ ದಿನವೂ ಸ್ಥಳವೂ ಸಿಗುತ್ತವೆ. ಇಂಥ ಬಿಡಿಬಿಡಿ ಸಾಕ್ಷ್ಯಗಳನ್ನು ಒಟ್ಟುಗೂಡಿಸುವ ಕ್ರಮವನ್ನು ವಂಶಶಾಸ್ತ್ರಜ್ಞೆ ಎಲಿಜಬೆತ್ ಶೋನ್ ಮಿಲ್ಸ್ ಸ್ಪಷ್ಟವಾಗಿ ಹೇಳಿಕೊಟ್ಟಿದ್ದಾರೆ: ಒಬ್ಬರ ಬಗ್ಗೆ ಕಾಗದ ಸಿಗದಿದ್ದರೆ ಅವರ ಬಂಧುಗಳು, ಒಡನಾಡಿಗಳು, ನೆರೆಹೊರೆಯವರು, ಇವರೆಲ್ಲರ ಕಾಗದ ನೋಡಬೇಕು. ನ್ಯಾನ್ಸಿಯ ವಿಷಯದಲ್ಲಿ ನಾನು ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಆ ಬಳಗದಲ್ಲಿ ಮೊದಲು ನೋಡಬೇಕಾದದ್ದು ಹೆಣ್ಣುಮಕ್ಕಳನ್ನು.

ನ್ಯಾನ್ಸಿಯ ಮದುವೆಯ ಕಾಗದದ ಕಥೆಯೇ ಇದಕ್ಕೆ ಮೊದಲ ನಿದರ್ಶನ. ಲಿಂಕನ್ನರ ತಂದೆ ಥಾಮಸ್ ಲಿಂಕನ್ ಹಾರ್ಡಿನ್ ಕೌಂಟಿಯಲ್ಲಿ ನೆಲಸಿದ್ದವರು. ಹಾಗಾಗಿ ಜೀವನಚರಿತ್ರೆ ಬರೆಯಹೊರಟವರು ಮದುವೆಯ ದಾಖಲೆಯನ್ನು ಆ ಕೌಂಟಿಯಲ್ಲೇ ಹುಡುಕಿದರು. ಸಿಗಲಿಲ್ಲ. ಸಿಗಲಿಲ್ಲವೆಂದ ಕೂಡಲೇ ಮದುವೆಯೇ ಆಗಿರಲಿಲ್ಲವೇನೋ ಎಂಬ ಗುಸುಗುಸು ಎದ್ದಿತು. 1872ರಲ್ಲಿ ಬಂದ ವಾರ್ಡ್ ಲೇಮನ್ ಹೆಸರಿನ ಜೀವನಚರಿತ್ರೆ ಆ ಅನುಮಾನಕ್ಕೆ ಇನ್ನಷ್ಟು ಇಂಬು ಕೊಟ್ಟಿತು. ಆದರೆ ಆ ಪ್ರದೇಶದಲ್ಲಿ ಮದುವೆಯ ಪರವಾನಗಿ ತೆಗೆಯುತ್ತಿದ್ದದ್ದು ಹೆಣ್ಣಿನ ಕೌಂಟಿಯಲ್ಲಿ. ನ್ಯಾನ್ಸಿ ಆಗ ಇದ್ದದ್ದು ವಾಷಿಂಗ್ಟನ್ ಕೌಂಟಿಯಲ್ಲಿ, ಬೆರಿ ಎಂಬುವರ ಮನೆಯ ಬಳಗದಲ್ಲಿ. 1878ರಲ್ಲಿ ಆ ಕೌಂಟಿಯ ಕಚೇರಿಯಲ್ಲೇ ಪಾದ್ರಿ ಜೆಸ್ಸಿ ಹೆಡ್ ಸಲ್ಲಿಸಿದ್ದ ಮದುವೆ ಪಟ್ಟಿ ಸಿಕ್ಕಿತು: 1806ರ ಜೂನ್ 12ರಂದು ಥಾಮಸ್ ಲಿಂಕನ್, ನ್ಯಾನ್ಸಿ ಹ್ಯಾಂಕ್ಸ್ ಇವರ ಮದುವೆ. ಎರಡು ದಿನ ಮೊದಲು, ಜೂನ್ 10ರಂದು ಬರೆದ 50 ಪೌಂಡಿನ ಮುಚ್ಚಳಿಕೆಯೂ ಇದೆ. ಅದಕ್ಕೆ ವರನ ಜೊತೆ ಸಹಿ ಹಾಕಿದವರು ರಿಚರ್ಡ್ ಬೆರಿ. ಗಂಡಿನ ಊರಿನಲ್ಲಿ ಹುಡುಕಿದವರಿಗೆ ಕಳಂಕ ಸಿಕ್ಕಿತು, ಹೆಣ್ಣಿನ ಊರಿನಲ್ಲಿ ನೋಡಿದಾಗ ದಾಖಲೆ ಸಿಕ್ಕಿತು.

ಮುಂದಿನ ಪ್ರಶ್ನೆ ತಂದೆತಾಯಿಯದು. 1899ರಲ್ಲಿ ಕ್ಯಾರೊಲಿನ್ ಹ್ಯಾಂಕ್ಸ್ ಹಿಚ್‌ಕಾಕ್ ಲಿಂಕನ್ನರ ತಾಯಿಯ ಮೇಲೆ ಒಂದು ಪುಸ್ತಕ ಪ್ರಕಟಿಸಿ, ಸಮಸ್ಯೆ ಬಗೆಹರಿಯಿತೆಂದು ಸಾರಿದರು. ಅವರ ಆಧಾರ ನೆಲ್ಸನ್ ಕೌಂಟಿಯ ಒಂದು ಉಯಿಲು. ಜೋಸೆಫ್ ಹ್ಯಾಂಕ್ಸ್ ಎಂಬ ರೈತ 1793ರ ಜನವರಿಯಲ್ಲಿ ಅದನ್ನು ಬರೆಸಿದ. ಅದೇ ವರ್ಷ ಮೇ ತಿಂಗಳಲ್ಲಿ ಅದು ಕೋರ್ಟಿನಲ್ಲಿ ಸಾಬೀತಾಯಿತು. ಐದು ಗಂಡುಮಕ್ಕಳಿಗೆ ಒಂದೊಂದು ಕುದುರೆ, ಮೂರು ಹೆಣ್ಣುಮಕ್ಕಳಿಗೆ ಒಂದೊಂದು ಕಡಸು. ಎಲಿಜಬೆತ್‌ಗೆ ಜೆಂಟಲ್ ಎಂಬ ಕಡಸು, ಪಾಲಿಗೆ ಲೇಡಿ, ನ್ಯಾನ್ಸಿಗೆ ಪೀಡಿ. ಕೊಟ್ಟಿಗೆಯ ದನಗಳಿಗೂ ಹೆಸರಿಟ್ಟು ಹಂಚಿದ ಈ ಉಯಿಲನ್ನು ಓದಿದ ಯಾರಿಗಾದರೂ ಆ ಮನೆ ಕಣ್ಣಿಗೆ ಕಟ್ಟುತ್ತದೆ. ಹಿಚ್‌ಕಾಕ್ ಅವರಿಗೆ ಇಷ್ಟು ಸಾಕಾಯಿತು. ಉಯಿಲಿನ ನ್ಯಾನ್ಸಿಯೇ ಲಿಂಕನ್ನರ ತಾಯಿ, ತಂದೆ ಜೋಸೆಫ್ ಹ್ಯಾಂಕ್ಸ್, ತಾಯಿ ಶಿಪ್ಲಿ ಮನೆತನದವಳು ಎಂದು ನಿರ್ಣಯಿಸಿದರು. ಐಡಾ ಟಾರ್ಬೆಲ್‌ರಂಥ ಹೆಸರಾಂತ ಲೇಖಕಿಯೂ ಇದನ್ನು ಒಪ್ಪಿಕೊಂಡರು. ಆದರೆ ಹೆಸರೊಂದು ಕೂಡಿಬಂದ ಮಾತ್ರಕ್ಕೆ ವ್ಯಕ್ತಿ ಒಬ್ಬಳೇ ಆಗುವುದಿಲ್ಲ. ಹ್ಯಾಂಕ್ಸ್ ಮನೆತನದಲ್ಲಿ ನ್ಯಾನ್ಸಿ ಎಂಬ ಹೆಸರು ತಲೆಮಾರಿನಿಂದ ತಲೆಮಾರಿಗೆ ಬಂದದ್ದು. ಉಯಿಲಿನ ನ್ಯಾನ್ಸಿ ಮುಂದೆ ಏನಾದಳೆಂಬುದಕ್ಕೆ ಬೇರೆ ಸಾಕ್ಷ್ಯವಿದೆ. 1799ರಲ್ಲಿ ಹುಟ್ಟಿ, ಲಿಂಕನ್ನರ ಬಾಲ್ಯದ ಒಡನಾಡಿಯಾಗಿದ್ದ ಡೆನಿಸ್ ಹ್ಯಾಂಕ್ಸ್‌ನ ತಾಯಿ ಆಕೆ. ಆಮೇಲೆ ಲೆವೈ ಹಾಲ್ ಎಂಬುವನನ್ನು ಮದುವೆಯಾದಳು. ಆಕೆ ಲಿಂಕನ್ನರ ತಾಯಿಗೆ ಚಿಕ್ಕಮ್ಮ. ಸಂಶೋಧಕ ವಿಲಿಯಂ ಬಾರ್ಟನ್ ಇದನ್ನು ಎತ್ತಿ ತೋರಿಸಿದಾಗ ಹಿಚ್‌ಕಾಕ್ ಅವರ ವಾದದ ಬುಡವೇ ಸಡಿಲವಾಯಿತು. ಆ ಉಯಿಲಿನ ಮೂವರು ಹೆಣ್ಣುಮಕ್ಕಳ ಮದುವೆ, ಮಕ್ಕಳು, ಮುಂದಿನ ಬದುಕು ಎಲ್ಲವನ್ನೂ ಮೊದಲೇ ತಾಳೆ ನೋಡಿದ್ದರೆ ಈ ತಪ್ಪು ಪುಸ್ತಕಕ್ಕೇ ಏರುತ್ತಿರಲಿಲ್ಲ.

ಲೂಯಿಸ್ ವಾರೆನ್ 1926ರಲ್ಲಿ ಇನ್ನೊಂದು ದಾರಿ ಹಿಡಿದರು. ಅವರು ಶ್ರದ್ಧೆಯ ಸಂಶೋಧಕರು. ಕೆಂಟಕಿಯ ಕೋರ್ಟು ದಾಖಲೆಗಳನ್ನು ಅವರಷ್ಟು ತಾಳ್ಮೆಯಿಂದ ಓದಿದವರು ಕಡಿಮೆ. ನ್ಯಾನ್ಸಿಯ ತಾಯಿ ಲೂಸಿ ಎಂಬ ಹೆಣ್ಣು ಎಂಬ ಮಾತು ಆ ವೇಳೆಗಾಗಲೇ ಇತ್ತು, ಅದನ್ನು ಅವರು ಒಪ್ಪಿದರು. ಆದರೆ ಆ ಲೂಸಿ ಶಿಪ್ಲಿ ಮನೆತನದ ಹೆಣ್ಣು, ಜೇಮ್ಸ್ ಹ್ಯಾಂಕ್ಸ್ ಎಂಬುವನನ್ನು ಮದುವೆಯಾಗಿದ್ದವಳು, ಗಂಡ ಸತ್ತಮೇಲೆ ಹೆನ್ರಿ ಸ್ಪ್ಯಾರೋನನ್ನು ಮದುವೆಯಾದವಳು ಎಂದರು. ಅವರ ಮುಖ್ಯ ಊರೆಗೋಲು ರಿಚರ್ಡ್ ಬೆರಿಯ ಸಹಿ. 1806ರ ಮುಚ್ಚಳಿಕೆಯಲ್ಲಿ ಬೆರಿಯ ಹೆಸರಿನ ಮುಂದೆ ‘ಗಾರ್ಡಿಯನ್’ ಎಂಬುದನ್ನು ತಪ್ಪು ಕಾಗುಣಿತದಲ್ಲಿ ಬರೆದಿದೆ. ಪೋಷಕನಿದ್ದಾನೆ ಎಂದರೆ ಹುಡುಗಿಯ ತಂದೆ ಸತ್ತಿರಬೇಕು, ತಂದೆ ಸತ್ತಿದ್ದಾನೆ ಎಂದರೆ ಧರ್ಮಪ್ರಕಾರ ಮದುವೆಯಾದ ತಂದೆಯೊಬ್ಬ ಇದ್ದಿರಬೇಕು. ಬೆರಿಯ ಮನೆಗೆ ಶಿಪ್ಲಿ ಹೆಣ್ಣೊಬ್ಬಳು ಬಂದಿದ್ದರಿಂದ ನಂಟು ಆ ಕಡೆಯಿಂದಲೇ ಇರಬೇಕು. ಮೇಲ್ನೋಟಕ್ಕೆ ತರ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ಕೆಂಟಕಿಯ ಕಾನೂನಿನಲ್ಲಿ ತಂದೆ ಅಥವಾ ಪೋಷಕನ ಒಪ್ಪಿಗೆ ಬೇಕಾಗಿದ್ದದ್ದು ಇಪ್ಪತ್ತೊಂದು ತುಂಬದವರಿಗೆ. ನ್ಯಾನ್ಸಿಗೆ ಆಗ ಇಪ್ಪತ್ತೆರಡು. ಕಾನೂನಿಗೆ ಅಗತ್ಯವೇ ಇಲ್ಲದ ಕಡೆ ಬಂದ ಆ ಪದ ಮನೆಯ ಹಿರಿಯನಾಗಿ ನಿಂತವನ ಸ್ಥಾನವನ್ನು ಹೇಳುತ್ತದೆ. ಸತ್ತ ತಂದೆಯೊಬ್ಬನನ್ನು ಅದರಿಂದ ಹೊರಡಿಸಲು ಬರುವುದಿಲ್ಲ. ಸಹಿ ಹಾಕಿದ ಗಂಡಸಿನಿಂದ ಹಿಂದಕ್ಕೆ ಹೋಗಿ ತಂದೆಯನ್ನು ಕಟ್ಟಿದ್ದು, ಆ ತಂದೆಯಿಂದ ತಾಯಿಯ ಮನೆತನವನ್ನು ಕಟ್ಟಿದ್ದು, ಇವೇ ವಾರೆನ್‌ರ ವಾದದ ದೌರ್ಬಲ್ಯ.

ಹಾಗಾದರೆ ಲೂಸಿ ಯಾರು? ಕೆಂಟಕಿಯ ಮರ್ಸರ್ ಕೌಂಟಿಯ ದಾಖಲೆಗಳಲ್ಲಿ ಲೂಸಿ ಹ್ಯಾಂಕ್ಸ್ ನಮಗೆ ನೇರವಾಗಿ ಸಿಗುತ್ತಾಳೆ. 1789ರ ನವೆಂಬರಿನಲ್ಲಿ ಅಲ್ಲಿನ ಗ್ರ್ಯಾಂಡ್ ಜೂರಿ ಆಕೆಯ ಮೇಲೆ ಮದುವೆಯಿಲ್ಲದ ಸಂಬಂಧದ ಆರೋಪ ಹೊರಿಸಿತು. 1790ರ ಏಪ್ರಿಲ್ 26ರಂದು ಹೆನ್ರಿ ಸ್ಪ್ಯಾರೋ ಜೊತೆ ಮದುವೆಗೆ ಪರವಾನಗಿ ಆಯಿತು. ತಾನು ವಯಸ್ಸಿಗೆ ಬಂದವಳು, ತನ್ನ ಒಪ್ಪಿಗೆಯಿದೆ ಎಂದು ಲೂಸಿ ಆಗ ಪತ್ರ ಬರೆದುಕೊಟ್ಟಳು. ಮದುವೆ ನಡೆದದ್ದು ಸುಮಾರು ಒಂದು ವರ್ಷದ ಮೇಲೆ, 1791ರ ಏಪ್ರಿಲ್ 3ರಂದು. ಇವು ಒಂದು ಕಡೆಯ ಸಾಕ್ಷ್ಯ. ಇನ್ನೊಂದು ಕಡೆ ಲಿಂಕನ್ನರ ವಕೀಲಿಯ ಪಾಲುದಾರ ವಿಲಿಯಂ ಹರ್ನ್‌ಡನ್ ಬರೆದದ್ದು. ಸುಮಾರು 1850ರಲ್ಲಿ ಕೋರ್ಟಿನ ಕೆಲಸಕ್ಕೆ ಗಾಡಿಯಲ್ಲಿ ಹೋಗುವಾಗ, ತಮ್ಮ ತಾಯಿ ನ್ಯಾನ್ಸಿಯು ಲೂಸಿ ಹ್ಯಾಂಕ್ಸ್‌ಗೂ ವರ್ಜೀನಿಯಾದ ಒಬ್ಬ ತೋಟದೊಡೆಯನಿಗೂ ಮದುವೆಯ ಹೊರಗೆ ಹುಟ್ಟಿದವಳೆಂದು ಲಿಂಕನ್ನರೇ ತಮಗೆ ಹೇಳಿದರೆಂಬುದು ಅವರ ಮಾತು. ಹರ್ನ್‌ಡನ್‌ರ ಮಾತನ್ನು ನಂಬಬಹುದೇ ಎಂಬ ಆಕ್ಷೇಪ ಹಳೆಯದು, ತೂಕವಿರುವಂಥದು. ಅವರು ಕೇಳಿದ್ದನ್ನು ಬರೆದದ್ದು ಲಿಂಕನ್ನರು ಹೋದ ಮೇಲೆ. ಅವರ ಪುಸ್ತಕ ಬಂದದ್ದು 1889ರಲ್ಲಿ. ಕೇಳಿದ ಮಾತೊಂದನ್ನೇ ನೆಚ್ಚಿ ವಂಶ ನಿರ್ಣಯ ಮಾಡಲಾಗದು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಮರ್ಸರ್ ಕೌಂಟಿಯ ಕಾಗದಗಳನ್ನು ಬಾರ್ಟನ್ ಬೆಳಕಿಗೆ ತಂದದ್ದು ಹರ್ನ್‌ಡನ್ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ. ಆ ಕಾಗದ ನೋಡಿ ಹರ್ನ್‌ಡನ್ ಕಥೆ ಕಟ್ಟಿರಲಾರರು, ಹರ್ನ್‌ಡನ್‌ರನ್ನು ಓದಿ ಕೋರ್ಟಿನ ಗುಮಾಸ್ತ ದಾಖಲೆ ಬರೆದಿರಲಾರ. ಒಂದನ್ನೊಂದು ಕಾಣದ ಎರಡು ಮೂಲಗಳು ಒಂದೇ ಹೆಣ್ಣಿನ ಕಡೆಗೆ, ಒಂದೇ ಬಗೆಯ ಬದುಕಿನ ಕಡೆಗೆ ಬೆರಳು ತೋರಿಸಿದಾಗ ಸಾಕ್ಷ್ಯಕ್ಕೆ ಬಲ ಬರುತ್ತದೆ. ಡೆನಿಸ್ ಹ್ಯಾಂಕ್ಸ್‌ನ ಹೇಳಿಕೆಯನ್ನೂ ಇದರ ಜೊತೆಗಿಟ್ಟು ನೋಡಬೇಕು. ಆತ ಹರ್ನ್‌ಡನ್‌ಗೆ ಬರೆದ ಪತ್ರಗಳಲ್ಲಿ ನ್ಯಾನ್ಸಿ ಹೆನ್ರಿ ಸ್ಪ್ಯಾರೋನ ಮಗಳೇ ಎಂದು ಪಟ್ಟುಹಿಡಿದ. ತಂದೆಯ ವಿಷಯದಲ್ಲಿ ಆತ ಮನೆತನದ ಮಾನ ಕಾಯುತ್ತಿದ್ದ. ತಾಯಿ ಲೂಸಿ ಎಂಬುದನ್ನು ಮಾತ್ರ ಆತನೂ ಅಲ್ಲಗಳೆಯಲಿಲ್ಲ. ಮುಚ್ಚಿಡಲು ಹೊರಟವನೇ ಒಪ್ಪಿಕೊಂಡ ಭಾಗಕ್ಕೆ ಹೆಚ್ಚು ಬೆಲೆ.

ವಿಜ್ಞಾನ ಇಲ್ಲಿ ಮಾಡಿದ್ದೇನು, ಮಾಡದೆ ಬಿಟ್ಟದ್ದೇನು ಎಂಬುದನ್ನು ನಿಖರವಾಗಿ ತಿಳಿಯಬೇಕು. ಮೈಟೋಕಾಂಡ್ರಿಯಾದ ಡಿಎನ್‌ಎ ತಾಯಿಯಿಂದ ಮಕ್ಕಳೆಲ್ಲರಿಗೂ ಬರುತ್ತದೆ, ಮುಂದಕ್ಕೆ ಹೋಗುವುದು ಹೆಣ್ಣುಮಕ್ಕಳ ಮೂಲಕ ಮಾತ್ರ. ನ್ಯಾನ್ಸಿಯ ಒಬ್ಬಳೇ ಮಗಳು ಸಾರಾ 1828ರ ಜನವರಿಯಲ್ಲಿ ಹೆರಿಗೆಯಲ್ಲಿ ಸತ್ತಳು, ಮಗುವೂ ಉಳಿಯಲಿಲ್ಲ. ಅಲ್ಲಿಗೆ ಆ ಎಳೆ ಕಡಿಯಿತು. ಲಿಂಕನ್ನರ ಕೊನೆಯ ನೇರ ವಂಶಜರೂ 1985ರಲ್ಲಿ ತೀರಿಕೊಂಡರು. ಹೀಗಿರುವಾಗ ಸಂಶೋಧಕರ ಒಂದು ತಂಡ ಅಕ್ಕಪಕ್ಕದ ಎಳೆಗಳನ್ನು ಹಿಡಿಯಿತು. ಲೂಸಿಗೆ ಹೆನ್ರಿ ಸ್ಪ್ಯಾರೋನಿಂದ ಹುಟ್ಟಿದ ಹೆಣ್ಣುಮಕ್ಕಳ ಸಂತತಿ, ಜೋಸೆಫ್ ಹ್ಯಾಂಕ್ಸ್‌ನ ಹೆಂಡತಿ ಆ್ಯನ್ ಲೀಯ ಹೆಣ್ಣುಮಕ್ಕಳ ಸಂತತಿ, ಶಿಪ್ಲಿ ಹೆಣ್ಣುಮಕ್ಕಳ ಸಂತತಿ, ಇವುಗಳನ್ನು ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಕಾಗದದ ಮೇಲೆ ಜೋಡಿಸಿಕೊಂಡು ಪರೀಕ್ಷೆಗೆ ಒಳಪಡಿಸಿತು. 2015ರಲ್ಲಿ ಫಲಿತಾಂಶ ಪ್ರಕಟವಾಯಿತು. ಲೂಸಿಯ ಎಳೆಯೂ ಆ್ಯನ್ ಲೀಯ ಎಳೆಯೂ ‘ಎಕ್ಸ್1ಸಿ’ ಎಂಬ ಬಹು ಅಪರೂಪದ ಗುಂಪಿಗೆ ಸೇರಿದವು. ಶಿಪ್ಲಿ ಎಳೆ ಬೇರೆ. ಲೂಸಿ ಶಿಪ್ಲಿ ಮನೆತನದವಳಲ್ಲ, ಜೋಸೆಫ್ ಮತ್ತು ಆ್ಯನ್ ಹ್ಯಾಂಕ್ಸ್ ದಂಪತಿಗಳ ಮಗಳು ಎಂಬುದು ಇದರಿಂದ ಗಟ್ಟಿಯಾಯಿತು. ಹಿಚ್‌ಕಾಕ್, ವಾರೆನ್ ಇಬ್ಬರೂ ಶಿಪ್ಲಿ ಮನೆತನಕ್ಕೆ ಹಾಕಿದ್ದ ಗಂಟು ಒಟ್ಟಿಗೇ ಬಿಚ್ಚಿತು.

ಹಾಗಾದರೆ ಇನ್ನು ಮುಂದೆ ಕಾಗದ ಓದುವ ಶ್ರಮವೇಕೆ, ಡಿಎನ್‌ಎ ಒಂದೇ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಅಕ್ಕತಂಗಿಯರೆಲ್ಲರ ಮೈಟೋಕಾಂಡ್ರಿಯಾದ ಡಿಎನ್‌ಎ ಒಂದೇ. ನ್ಯಾನ್ಸಿ ಲೂಸಿಯ ಮಗಳಾಗಿದ್ದರೂ, ಲೂಸಿಯ ತಂಗಿಯ ಮಗಳಾಗಿದ್ದರೂ ಗುಂಪು ಬದಲಾಗುತ್ತಿರಲಿಲ್ಲ. ಲೂಸಿಯೇ ತಾಯಿ ಎಂದು ಆರಿಸಿಕೊಡುವುದು ಮರ್ಸರ್ ಕೌಂಟಿಯ ಕಾಗದ, ಹರ್ನ್‌ಡನ್‌ರ ಬರಹ, ಡೆನಿಸ್‌ನ ಹೇಳಿಕೆ. ಪ್ರಯೋಗಾಲಯ ಅಜ್ಜಿಯ ಮನೆತನವನ್ನು ಗಟ್ಟಿ ಮಾಡಿತು, ತಾಯಿಯನ್ನು ಗುರುತಿಸಿದ್ದು ದಾಖಲೆ. ಒಂದಿಲ್ಲದೆ ಇನ್ನೊಂದು ನಿಲ್ಲುವುದಿಲ್ಲ.

ಇನ್ನೂ ಎರಡು ಆಕ್ಷೇಪಗಳಿಗೆ ಉತ್ತರ ಹೇಳಬೇಕು. ಲೂಸಿ ಜೋಸೆಫ್‌ನ ಮಗಳಾಗಿದ್ದರೆ ಉಯಿಲಿನಲ್ಲಿ ಆಕೆಯ ಹೆಸರೇಕಿಲ್ಲ ಎಂಬುದು ಮೊದಲನೆಯದು. ಎಂಟು ಮಕ್ಕಳ ಹೆಸರಿರುವ ಆ ಪತ್ರದಲ್ಲಿ ಲೂಸಿ ಇಲ್ಲ ಎಂಬುದು ನಿಜ. ಆದರೆ 1793ರಲ್ಲಿ ಆಕೆ ಮದುವೆಯಾಗಿ ಬೇರೆ ಕೌಂಟಿಯಲ್ಲಿದ್ದಳು. ಕಡಸು ಪಡೆದ ಮೂವರಲ್ಲಿ ಎಲಿಜಬೆತ್, ಪಾಲಿ ಇವರ ಮದುವೆಗಳು ನಡೆದದ್ದು ಉಯಿಲಾದ ಮೇಲೆ. ನ್ಯಾನ್ಸಿಯ ಮದುವೆಯೂ ಡೆನಿಸ್ ಹುಟ್ಟಿದ ಮೇಲಿನದು. ಅಂದರೆ ಮನೆಯಲ್ಲಿದ್ದ ಹೆಣ್ಣುಮಕ್ಕಳಿಗೆ ಕಡಸು ಸಿಕ್ಕಿದೆ, ಮನೆಬಿಟ್ಟು ಹೋದವಳಿಗೆ ಸಿಕ್ಕಿಲ್ಲ. ಆಕೆಗೆ ಪಾಲು ಮೊದಲೇ ಸಂದಿರಬಹುದು, ತಂದೆ ಮುನಿದಿದ್ದಿರಬಹುದು. ಉಯಿಲು ಕಾರಣ ಹೇಳುವುದಿಲ್ಲ. ಉಯಿಲಿನಲ್ಲಿ ಹೆಸರಿದ್ದರೆ ಅದು ಸಂಬಂಧಕ್ಕೆ ಸಾಕ್ಷಿ. ಹೆಸರಿಲ್ಲದಿದ್ದರೆ ಸಂಬಂಧವಿಲ್ಲವೆಂಬುದಕ್ಕೆ ಅದು ಸಾಕ್ಷಿಯಾಗದು. ಎರಡನೆಯ ಆಕ್ಷೇಪ ಇನ್ನೂ ಮನಸ್ಸಿಗೆ ತಟ್ಟುವಂಥದು: ಸತ್ತ ಹೆಣ್ಣಿನ ಮೇಲಿದ್ದ ಆರೋಪವನ್ನು ಇಷ್ಟು ವರ್ಷಗಳ ಮೇಲೆ ಕೆದಕುವುದರಿಂದ ಆಕೆಗೆ ಅನ್ಯಾಯವಾಗುವುದಿಲ್ಲವೇ? ಆಗುವ ಅನ್ಯಾಯ ಯಾವುದೆಂದು ನೋಡಿ. ಹಿಚ್‌ಕಾಕ್ ಮರ್ಯಾದಸ್ಥ ತಂದೆತಾಯಿಯನ್ನು ಹುಡುಕಿಕೊಟ್ಟಾಗ ನ್ಯಾನ್ಸಿಯ ವಂಶದಿಂದ ಲೂಸಿಯೇ ಹೊರಬಿದ್ದಳು. ವಾರೆನ್ ಲೂಸಿಯನ್ನು ಉಳಿಸಿಕೊಂಡರು, ಆದರೆ ಆಕೆಯ ಹುಟ್ಟಿದ ಮನೆಯನ್ನು ಕಿತ್ತು ಇನ್ನೊಂದು ಮನೆ ಕೊಟ್ಟರು, ಇಲ್ಲದ ಗಂಡನೊಬ್ಬನನ್ನು ಕಟ್ಟಿದರು. ಮಾನ ಕಾಪಾಡುವ ಹೆಸರಿನಲ್ಲಿ ಒಬ್ಬ ತಾಯಿಯನ್ನು ಆಕೆಯ ಮಗಳಿಂದ, ಒಬ್ಬ ಮಗಳನ್ನು ಆಕೆಯ ತಾಯಿಯಿಂದ ದೂರ ಮಾಡಲಾಯಿತು. ಚಿಕ್ಕ ವಯಸ್ಸಿನಲ್ಲಿ ಒಂಟಿಯಾಗಿ ಮಗಳನ್ನು ಹೆತ್ತು, ಕೋರ್ಟಿನ ಆರೋಪ ಎದುರಿಸಿ, ಆಮೇಲೆ ಸ್ಪ್ಯಾರೋ ಜೊತೆ ಸಂಸಾರ ಕಟ್ಟಿ ಮಕ್ಕಳನ್ನು ಬೆಳೆಸಿದ ಲೂಸಿಗೆ ನಮ್ಮಿಂದ ಸಲ್ಲಬೇಕಾದ ಗೌರವ ಆಕೆಯ ಬದುಕನ್ನು ಇದ್ದಂತೆ ದಾಖಲಿಸುವುದು.

ಕೊನೆಯದಾಗಿ ತಂದೆಯ ಮಾತು. ವರ್ಜೀನಿಯಾದ ತೋಟದೊಡೆಯ ಎಂಬುದು ಹರ್ನ್‌ಡನ್ ಒಬ್ಬರ ಮೂಲಕ ಬಂದ ಮಾತು. ಅದಕ್ಕೆ ಬೇರೆ ಯಾವ ಕಾಗದದ ಬೆಂಬಲವೂ ಇಲ್ಲ, ಡಿಎನ್‌ಎ ಬೆಂಬಲವೂ ಇಲ್ಲ. ಹಾಗಾಗಿ ನ್ಯಾನ್ಸಿಯ ವಂಶವೃಕ್ಷದಲ್ಲಿ ತಾಯಿಯ ಜಾಗದಲ್ಲಿ ಲೂಸಿ ಹ್ಯಾಂಕ್ಸ್ ಎಂದು ಧೈರ್ಯವಾಗಿ ಬರೆಯಬೇಕು, ಅಜ್ಜಿಯ ಜಾಗದಲ್ಲಿ ಆ್ಯನ್ ಎಂದು ಬರೆಯಬೇಕು, ತಂದೆಯ ಜಾಗವನ್ನು ಖಾಲಿ ಬಿಡಬೇಕು. ಖಾಲಿ ಬಿಟ್ಟ ಜಾಗ ಮುಂದಿನವರನ್ನು ಹುಡುಕಲು ಕರೆಯುತ್ತದೆ. ಊಹೆಯಿಂದ ತುಂಬಿದ ಜಾಗ ಅವರನ್ನು ತಡೆದು ನಿಲ್ಲಿಸುತ್ತದೆ. ಶಿಪ್ಲಿ ಎಂಬ ಹೆಸರು ಪುಸ್ತಕದಿಂದ ಪುಸ್ತಕಕ್ಕೆ ನೂರು ವರ್ಷ ನಡೆದದ್ದು ಇದಕ್ಕೆ ಸಾಕಷ್ಟು ಪಾಠ. ಇಷ್ಟೊಂದು ಕಣ್ಣುಗಳು ಕಾವಲಿದ್ದ ಒಂದು ವಂಶದಲ್ಲೇ ಇಂಥ ತಪ್ಪು ನೂರು ವರ್ಷ ಬಾಳಿತು ಎಂದಮೇಲೆ, ಯಾರೂ ನೋಡದ ಸಾಮಾನ್ಯ ಮನೆತನಗಳ ವಂಶಾವಳಿಗಳಲ್ಲಿ ಎಷ್ಟು ಲೂಸಿಯರು ಹೊರಗುಳಿದಿರಬಹುದು! ಅವರನ್ನು ಮರಳಿ ತರುವ ಕೆಲಸ ಮಾಡುವವರಿಗೆ ಮೂರು ಮಾತು. ಹೆಣ್ಣಿನ ಕಾಗದವನ್ನು ಹೆಣ್ಣಿನ ಊರಿನಲ್ಲಿ ಹುಡುಕಿ. ಆಕೆಯ ಅಕ್ಕತಂಗಿಯರ, ಚಿಕ್ಕಮ್ಮಂದಿರ ಬದುಕನ್ನು ಒಬ್ಬೊಬ್ಬರದಾಗಿ ಕೊನೆಯವರೆಗೂ ಹಿಡಿದು ಹೋಗಿ. ಸಾಕ್ಷ್ಯ ಎಲ್ಲಿ ನಿಲ್ಲುತ್ತದೋ ಅಲ್ಲೇ ನಿಲ್ಲಿ, ಮನಸ್ಸು ಮುಂದಕ್ಕೆ ಎಳೆದರೂ ಹೋಗಬೇಡಿ. ಈ ಮೂರನ್ನು ಪಾಲಿಸುವ ಸಂಶೋಧಕರು ಈ ಸಭೆಯಿಂದಲೂ ಹೊರಡಲಿ ಎಂದು ಆಶಿಸುತ್ತೇನೆ.